ಕಸೂತಿ ತೇರನ್ನು ಕಂಪ್ಯೂಟರಿನಲ್ಲಿ ಬಿಡಿಸಿದವರು ಇದ್ದೀರಾ?

ಕೇಳಿದವರು (ಅಕ್ಕಲಕೋಟೆ): ತಂಗಿಯ ಮದುವೆಗೆ ಬಂದವರಿಗೆ ಬಟ್ಟೆ ಚೀಲ ಕೊಡಬೇಕು ಅಂತಿದ್ದೇವೆ. ಅಜ್ಜಿಯ ಇಳಕಲ್ ಸೀರೆಯಲ್ಲಿ ಕಸೂತಿಯ ತೇರು ಇದೆ. ಅದನ್ನೇ ಅಚ್ಚು ಹಾಕಿಸುವ ಆಸೆ. ಫೋಟೊ ತೆಗೆದು ಕಂಪ್ಯೂಟರಿನಲ್ಲಿ ಅದರ ಗೆರೆಗಳನ್ನೇ ಟ್ರೇಸ್ ಮಾಡಲಾ, ಮೊದಲಿಂದ ಬಿಡಿಸಲಾ?

ಚೀಲದ ವ್ಯಾಪಾರಿ (ಸೊಲ್ಲಾಪುರ): ಟ್ರೇಸ್ ಮಾಡಿ ನಾನು ₹8,500 ಕಳೆದುಕೊಂಡೆ. 200 ಚೀಲ, ಒಂದಕ್ಕೆ ₹38, ಅಲ್ಲಿಗೆ 7,600. ಅಚ್ಚು ಹಾಕುವ ಎರಡು ಸ್ಕ್ರೀನಿಗೆ 900. ಸೆರಗು ಸ್ವಲ್ಪ ಸುಕ್ಕಾಗಿತ್ತು, ಅಷ್ಟೇ. ಆ ಸುಕ್ಕೂ ಗೆರೆಯಾಗಿ ಬಂತು. ತೇರಿನ ಕಳಸ ವಾಲಿತು. ಬಣ್ಣ ಇನ್ನೊಂದು ಸಂಕಟ. ಪರದೆಯಲ್ಲಿ ಕುಂಕುಮದ ಕೆಂಪು, ಚೀಲದ ಮೇಲೆ ಇಟ್ಟಿಗೆ ಬಣ್ಣ. ಶೇಡ್ ಕಾರ್ಡ್ ನೋಡಿ ನಂಬರ್ ಹೇಳಬೇಕಿತ್ತು. ಆಮೇಲೆ ಯಾರದೋ ಮಾತು ಕೇಳಿ 20 ಚೀಲಕ್ಕೆ ಸಬ್ಲಿಮೇಶನ್ (ಬಿಸಿ ಒತ್ತಿ ಬಣ್ಣ ಇಳಿಸುವ ಅಚ್ಚು) ಮಾಡಿಸಿದೆ. ಅದು ಹಿಡಿಯುವುದು ಪಾಲಿಯೆಸ್ಟರಿಗೆ, ನನ್ನ ಚೀಲ ಹತ್ತಿಯದು. ಒಂದೇ ಒಗೆತಕ್ಕೆ ತೇರು ಮಸುಕಾಯಿತು.

ಮಗ್ಗದ ಮನೆಯವರು (ಸೊಲ್ಲಾಪುರ): ಅಚ್ಚಿನಲ್ಲಿ ತಪ್ಪಾದರೆ ಚೀಲ ಹೋಗುತ್ತದೆ, ಮಗ್ಗದಲ್ಲಿ ತಪ್ಪಾದರೆ ದಿನವೇ ಹೋಗುತ್ತದೆ. ಚಾದರಕ್ಕೆ ಆನೆ ಬಿಡಿಸಿದ್ದೆ. ಗ್ರಾಫ್‌ನ ಚೌಕ ನಾಲ್ಕೂ ಕಡೆ ಸಮ ಇಟ್ಟಿದ್ದೆ. ನಮ್ಮ ಬಟ್ಟೆಯಲ್ಲಿ ಇಂಚಿಗೆ ಹಾಸಿನ (ಉದ್ದದ) ಎಳೆ 60, ಹೊಕ್ಕಿನ (ಅಡ್ಡದ) ಎಳೆ 40. ಆನೆ ಒಂದೂವರೆ ಪಟ್ಟು ಉದ್ದವಾಗಿ ಬಂತು, ಒಂಟೆಯ ಹಾಗೆ! ಮಗ್ಗ ಎರಡು ದಿನ ನಿಂತಿತು. ಕೂಲಿ ನಾನೇ ಕೊಟ್ಟೆ. ಈಗ ಎಳೆ ಎಣಿಸದೆ ಒಂದು ಚೌಕವನ್ನೂ ತುಂಬುವುದಿಲ್ಲ.

ಕಸೂತಿ ಹಾಕುವವಳು (ಅಕ್ಕಲಕೋಟೆ ತಾಲೂಕು): ಕಸೂತಿಯಲ್ಲಿ ಪೆನ್ಸಿಲ್ ಗೆರೆಯೇ ಇಲ್ಲ, ಎಳೆ ಎಣಿಸಿಯೇ ಹಾಕುವುದು. ಗವಂತಿ ಅನ್ನುವ ಹೊಲಿಗೆಯಲ್ಲಿ ಗಂಟಿರಲ್ಲ, ಎರಡೂ ಬದಿ ಒಂದೇ ಥರ ಕಾಣಬೇಕು. ನಾನು ಒಂದು ಹೊಲಿಗೆಗೆ ಒಂದು ಚೌಕ ಹಿಡಿದು 19 ಸಂಜೆ ಕೂತು ತೇರು ಬಿಡಿಸಿದೆ. ಗವಂತಿಯ ಗೆರೆ ಒಂದು ಲೇಯರ್, ಮುರಗಿ ಹೊಲಿಗೆಯ ಮೆಟ್ಟಿಲು ಇನ್ನೊಂದು, ಮೆಂತಿ (× ಆಕಾರದ ಹೊಲಿಗೆ) ಮತ್ತೊಂದು. ಗುಂಪಿಗೆ ಹಾಕಿದ ಮರುವಾರವೇ ಒಂದು ಅಂಗಡಿಯ ಚೀಲದ ಮೇಲೆ ಅದೇ ತೇರು! ಎಡಗಡೆ ಗಾಲಿಯಲ್ಲಿ ನಾನು ತಪ್ಪಿ ಬಿಟ್ಟಿದ್ದ ಒಂದು ಹೊಲಿಗೆ ಅಲ್ಲೂ ಇರಲಿಲ್ಲ.

ಚೀಲದ ವ್ಯಾಪಾರಿ: ಅಕ್ಕಾ, ತೇರು ನಿಮ್ಮೊಬ್ಬರ ಸೊತ್ತಾ? ಎಲ್ಲರ ಅಜ್ಜಿಯರೂ ಹಾಕಿದ್ದು.

ಕಸೂತಿ ಹಾಕುವವಳು: ತೇರು ಎಲ್ಲರದು, ಅಣ್ಣಾ. ಆ 19 ಸಂಜೆ ನನ್ನವು. ಅಚ್ಚು ಹಾಕಿ ‘ಕಸೂತಿ ಚೀಲ’ ಅಂತ ಮಾರುತ್ತೀರಲ್ಲ, ಅದು ಸುಳ್ಳು. ಕಸೂತಿಗೆ ಜಿಐ ಟ್ಯಾಗ್ ಇದೆ, ಅಂದರೆ ಆ ಪ್ರದೇಶದ ಕಸುಬು ಅಂತ ಸರ್ಕಾರಿ ನೋಂದಣಿ. ಸೂಜಿ ಮುಟ್ಟದ ಚೀಲಕ್ಕೆ ಆ ಹೆಸರು ಯಾಕೆ?

ಚೀಲದ ವ್ಯಾಪಾರಿ: ಗಿರಾಕಿ ಹಾಗೇ ಕೇಳುತ್ತಾನೆ. ಇಳಕಲ್ ಸೆರಗಿನ ಟೋಪ ತೆನಿಯನ್ನೂ ಕಸೂತಿ ಅಂತಲೇ ಕರೆಯುತ್ತಾರೆ, ಅವರಿಗೆ ಏನು ಹೇಳ್ತೀರಿ?

ಮಗ್ಗದ ಮನೆಯವರು: ತಿದ್ದಬೇಕು ರೀ! ಟೋಪ ತೆನಿ ಮಗ್ಗದ ಮೇಲೇ ಸೆರಗಿನಲ್ಲಿ ಬರುವ ನೇಯ್ಗೆ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕೊಂಡಿ ಹಾಕಿ ಸೇರಿಸುತ್ತಾರೆ. ಕಸೂತಿ ಸೀರೆ ಇಳಿದ ಮೇಲಿನ ಸೂಜಿ ಕೆಲಸ. ನೇಕಾರನ ಶ್ರಮಕ್ಕೆ ಬೇರೆ ಹೆಸರು ಹಚ್ಚಿದರೆ ಹೊಟ್ಟೆ ಉರಿಯುತ್ತದೆ.

ಚೀಲದ ವ್ಯಾಪಾರಿ: ನೀವೂ ಪವರ್‌ಲೂಮಿನಲ್ಲೇ ಆನೆ ನೇಯ್ದಿದ್ದು, ಅಲ್ವಾ?

ಮಗ್ಗದ ಮನೆಯವರು: ಹೌದು. ‘ಕೈಮಗ್ಗ’ ಅಂತ ಚೀಟಿ ಅಂಟಿಸಿಲ್ಲ.

ಕೇಳಿದವರು: ಮದುವೆಗೆ ಇನ್ನು 40 ದಿನ ಇದೆ. ಅಕ್ಕಾ, ಚೌಕ ಎಣಿಸಿಯೇ ಬಿಡಿಸುತ್ತೇನೆ. ಗಾಲಿಯಿಂದ ಶುರು ಮಾಡಲಾ?

ಕಸೂತಿ ಹಾಕುವವಳು: ನಟ್ಟನಡುವಿನ ಎಳೆಯಿಂದ ಶುರು ಮಾಡು, ತಂಗಿ. ಕಳಸದಿಂದ ಕೆಳಗೆ ನೇರ ಒಂದು ಗೆರೆ. ಅರ್ಧ ಬಿಡಿಸಿ ಮಗುಚಿದರೆ ಇನ್ನರ್ಧ ಸಿಗುತ್ತದೆ. ಸೆರಗನ್ನು ಇಸ್ತ್ರಿ ಮಾಡಿ ಹಗಲಲ್ಲೇ ಎಣಿಸು.