ಪುರಸಭೆಯ ಸಭೆಯೊಳಗೆ ಏನು ನಡೆಯುತ್ತದೆ? ನಿವೃತ್ತ ಮುಖ್ಯಾಧಿಕಾರಿಗೆ ನಮ್ಮ ಗುಂಪಿನ ಪ್ರಶ್ನೆಗಳು

ಈ ವಾರ ನಮ್ಮ ಗುಂಪಿನಲ್ಲಿ ಉತ್ತರಿಸುತ್ತಿರುವವರು ದ್ವಿತೀಯ ದರ್ಜೆ ಸಹಾಯಕಿಯಾಗಿ ಪುರಸಭೆ ಸೇರಿ, ಬೇರೆ ಬೇರೆ ಊರುಗಳಲ್ಲಿ ಕೆಲಸ ಮಾಡಿ, ಮುಖ್ಯಾಧಿಕಾರಿಯಾಗಿ ನಿವೃತ್ತರಾದ ಮೇಡಂ. ಪ್ರಶ್ನೆ ಚಿಕ್ಕದಾಗಿರಲಿ, ಒಂದು ಸಲಕ್ಕೆ ಒಂದೇ ವಿಷಯ ಇರಲಿ.

ಪ್ರಶ್ನೆ (ಗದಗ ಕಡೆಯಿಂದ): ಮೇಡಂರೀ, ನಮಸ್ಕಾರ. ನಮ್ಮ ಓಣಿ ಗಟಾರ ಒಡದು ಒಂದೂವರೆ ವರ್ಷ ಆತು. ಮೂರು ಸಲ ಅರ್ಜಿ ಕೊಟ್ಟೇವಿ. ಪ್ರತಿ ಸಲ ‘ಸಭೆಯೊಳಗ ಇಡ್ತೀವಿ’ ಅಂತಾರ. ಸಭೆ ಯಾವಾಗ ಆಗ್ತದ, ಒಳಗ ಏನು ಮಾತಾಡ್ತಾರ, ಒಂದೂ ಗೊತ್ತಾಗಂಗಿಲ್ಲ. ನಾವು ಹೋಗಿ ಕುಂತು ಕೇಳಬಹುದೇನ್ರಿ?

ಉತ್ತರ: ನಮಸ್ಕಾರ ಅಣ್ಣಾವ್ರೆ. ಕೂತು ಕೇಳಬಹುದು. ಸಾಮಾನ್ಯ ಸಭೆ ಸಾರ್ವಜನಿಕರಿಗೆ ಮುಕ್ತ. ಯಾವುದಾದರೂ ವಿಷಯವನ್ನು ಗೋಪ್ಯವಾಗಿ ಚರ್ಚಿಸಬೇಕೆಂದು ತೀರ್ಮಾನವಾದರೆ ಅಷ್ಟು ಹೊತ್ತು ಹೊರಗಿರಬೇಕಾಗುತ್ತದೆ. ಆದರೆ ಕೇಳುವುದು ಬೇರೆ, ಮಾತಾಡುವುದು ಬೇರೆ. ಸಭೆಯಲ್ಲಿ ಮಾತಾಡುವ ಹಕ್ಕಿರುವುದು ಸದಸ್ಯರಿಗೆ. ನೀವು ಎದ್ದು ನಿಂತು ಗಟಾರದ ಮಾತೆತ್ತಿದರೆ ಅದು ನಡಾವಳಿಯಲ್ಲಿ, ಅಂದರೆ ಸಭೆಯ ಲಿಖಿತ ದಾಖಲೆಯಲ್ಲಿ, ದಾಖಲಾಗುವುದಿಲ್ಲ. ದಾಖಲಾಗದ ಮಾತಿನ ಮೇಲೆ ಕಚೇರಿಯಲ್ಲಿ ಯಾರೂ ಕಡತ ತೆರೆಯುವುದಿಲ್ಲ.

ಅದಕ್ಕೇ ನನ್ನ ಮಾತು ಇಷ್ಟು: ಸಭೆಯ ದಿನಕ್ಕಾಗಿ ಕಾಯಬೇಡಿ, ಸಭೆಗೆ ಮುಂಚಿನ ವಾರ ಹಿಡಿಯಿರಿ. ಸಾಮಾನ್ಯ ಸಭೆಗೆ ಪೂರ್ತಿ ಏಳು ದಿನ ಮುಂಚೆ, ವಿಶೇಷ ಸಭೆಗೆ ಪೂರ್ತಿ ಮೂರು ದಿನ ಮುಂಚೆ ಸದಸ್ಯರಿಗೆ ಸಭಾ ಸೂಚನಾ ಪತ್ರ ತಲುಪಬೇಕು. ‘ಪೂರ್ತಿ’ ಅಂದರೆ ಪತ್ರ ಕೊಟ್ಟ ದಿನವೂ ಲೆಕ್ಕಕ್ಕಿಲ್ಲ, ಸಭೆಯ ದಿನವೂ ಲೆಕ್ಕಕ್ಕಿಲ್ಲ. ಆ ಪತ್ರದ ಜೊತೆ ವಿಷಯ ಪಟ್ಟಿ ಇರುತ್ತದೆ. ಕಚೇರಿಯ ಸೂಚನಾ ಫಲಕದ ಮೇಲೂ ಅದನ್ನು ಹಾಕಬೇಕು. ಅದನ್ನು ಹೋಗಿ ಓದಿ. ನಿಮ್ಮ ಗಟಾರ ಆ ಪಟ್ಟಿಯಲ್ಲಿದೆಯೇ, ಇಲ್ಲವೇ? ಇಲ್ಲದಿದ್ದರೆ ಆ ಸಭೆಯಲ್ಲಿ ಅದರ ಬಗ್ಗೆ ಯಾರು ಎಷ್ಟು ಕೂಗಿದರೂ ಠರಾವು ಆಗುವುದು ಕಷ್ಟ.

ಪಟ್ಟಿಗೆ ಸೇರಿಸುವುದು ಹೇಗೆ? ನಿಮ್ಮ ವಾರ್ಡಿನ ಸದಸ್ಯರು ಅಧ್ಯಕ್ಷರಿಗೆ ಲಿಖಿತವಾಗಿ ಒಂದು ಪತ್ರ ಕೊಡಬೇಕು. ಆ ಪತ್ರಕ್ಕೆ ನಿಮ್ಮ ಹಳೆಯ ಮೂರೂ ಅರ್ಜಿಗಳ ಪ್ರತಿ ಲಗತ್ತಿಸಿ. ಅರ್ಜಿ ಕೊಟ್ಟಾಗ ಆವಕ ಶಾಖೆಯಲ್ಲಿ ಮುದ್ರೆ ಹಾಕಿ ನಂಬರು ಬರೆದುಕೊಟ್ಟಿದ್ದರು ತಾನೇ? ಆ ನಂಬರೇ ನಿಮ್ಮ ಆಸ್ತಿ. ಅದಿಲ್ಲದ ಅರ್ಜಿ ಕೈಗೆ ಕೊಟ್ಟ ಕಾಗದ ಅಷ್ಟೇ.

ಅದೇ ಪ್ರಶ್ನೆಗಾರರು: ಎರಡಕ್ಕ ನಂಬರ್ ಐತ್ರಿ. ಮೂರನೇದು ಇಂಜಿನಿಯರ್ ಸಾಹೇಬ್ರ ಕೈಯಾಗ ಕೊಟ್ಟಿದ್ವಿ.

ಉತ್ತರ: ಹಾಗಾದರೆ ಎರಡು ಅರ್ಜಿ ಅಂತ ಲೆಕ್ಕ ಹಿಡಿಯಿರಿ. ಅಷ್ಟು ಸಾಕು.

ಪ್ರಶ್ನೆ: ಮೇಡಂ, ವಿಷಯ ಪಟ್ಟಿಯ ಕೊನೆಯಲ್ಲಿ ಯಾವಾಗಲೂ ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರೆ ವಿಷಯಗಳು’ ಎಂದಿರುತ್ತದೆ. ನಮ್ಮೂರಲ್ಲಿ ದೊಡ್ಡ ಕಾಮಗಾರಿಗಳೆಲ್ಲ ಅಲ್ಲೇ ಪಾಸಾಗುತ್ತವೆ ಎಂದು ಸದಸ್ಯರೊಬ್ಬರು ಹೇಳಿದರು. ಹೌದಾ?

ಉತ್ತರ: ನೀವು ಸರಿಯಾದ ಸಾಲಿನ ಮೇಲೆ ಬೆರಳಿಟ್ಟಿದ್ದೀರಿ. ಆ ಸಾಲು ಇರುವುದು ತುರ್ತಿಗಾಗಿ. ಸೂಚನಾ ಪತ್ರ ಹೋದ ಮೇಲೆ ಕುಡಿಯುವ ನೀರಿನ ಮೋಟಾರು ಸುಟ್ಟರೆ ಇನ್ನೊಂದು ತಿಂಗಳು ಕಾಯಲಾಗುತ್ತದೆಯೇ? ಅಂಥದ್ದಕ್ಕೆ ಅದು ಬೇಕು. ಆದರೆ ಮಳಿಗೆ ಹರಾಜು, ಬಡಾವಣೆ ಹಸ್ತಾಂತರ, ಜಾಗ ಗುತ್ತಿಗೆಯಂಥ ವಿಷಯಗಳು ಆ ಸಾಲಿನಲ್ಲಿ ನುಗ್ಗಿ ಬಂದರೆ ಅದನ್ನು ನಾನು ಎಂದೂ ಒಪ್ಪಿದವಳಲ್ಲ. ಸದಸ್ಯರಿಗೆ ಟಿಪ್ಪಣಿ ಹೋಗಿರುವುದಿಲ್ಲ, ಕಡತ ನೋಡಿರುವುದಿಲ್ಲ, ಊಟದ ಹೊತ್ತಾಗಿರುತ್ತದೆ. ಯಾರೋ ಒಬ್ಬರು ‘ಆಗಲಿ ಬಿಡಿ’ ಅನ್ನುತ್ತಾರೆ. ನಡಾವಳಿಯಲ್ಲಿ ಮಾತ್ರ ‘ಸುದೀರ್ಘವಾಗಿ ಚರ್ಚಿಸಿ ಸರ್ವಾನುಮತದಿಂದ ತೀರ್ಮಾನಿಸಲಾಯಿತು’ ಎಂದು ಬರುತ್ತದೆ. ಆ ವಾಕ್ಯವನ್ನು ನನ್ನ ಕೈಯಾರೆ ಎಷ್ಟೋ ಸಲ ಬರೆದಿದ್ದೇನೆ. ಕೆಲವು ಸಲ ಚರ್ಚೆ ನಿಜಕ್ಕೂ ಸುದೀರ್ಘವಾಗಿತ್ತು. ಕೆಲವು ಸಲ ಇರಲಿಲ್ಲ. ಇರಲಿಲ್ಲ ಅಂತ ಗೊತ್ತಿದ್ದೂ ಬರೆದದ್ದು ಈಗಲೂ ನನ್ನನ್ನು ಕಾಡುತ್ತದೆ.

ಇದರ ಜೊತೆ ಇನ್ನೊಂದು ಪದದ ಮೇಲೂ ಕಣ್ಣಿಡಿ: ‘ಘಟನೋತ್ತರ ಮಂಜೂರಾತಿ’. ಕೆಲಸ ಆಗಿಹೋಗಿದೆ, ಈಗ ಸಭೆಯ ಒಪ್ಪಿಗೆ ಕೇಳುತ್ತಿದ್ದಾರೆ ಎಂದರ್ಥ. ವರ್ಷಕ್ಕೆ ಒಂದೆರಡು ಇದ್ದರೆ ತುರ್ತು ಅನ್ನಬಹುದು. ತಿಂಗಳು ತಿಂಗಳೂ ಇದ್ದರೆ ಸದಸ್ಯರು ಕಾರಣ ಕೇಳಲೇಬೇಕು. ಪ್ರತಿ ಸಭೆಯಲ್ಲೂ ತಿಂಗಳ ಜಮಾ ಖರ್ಚಿನ ವಿಷಯ ಇರುತ್ತದಲ್ಲ, ಅದನ್ನು ಯಾರೂ ಓದದೆ ‘ಓಕೆ’ ಅನ್ನುತ್ತಾರೆ. ಘಟನೋತ್ತರದ ಬೇರು ಅಲ್ಲಿರುತ್ತದೆ.

ಪ್ರಶ್ನೆ (ಹಾಸನ, ಕಾನೂನು ವಿದ್ಯಾರ್ಥಿ): ಸೂಚನಾ ಪತ್ರ ಒಬ್ಬ ಸದಸ್ಯರಿಗೆ ತಡವಾಗಿ ತಲುಪಿದರೆ ಇಡೀ ಸಭೆಯೇ ಅಸಿಂಧುವಾಗುತ್ತದೆಯೇ ಮೇಡಂ?

ಉತ್ತರ: ಇದಕ್ಕೆ ಉತ್ತರ ನಿಮ್ಮ ಜಿಲ್ಲೆಯಿಂದಲೇ ಬಂದಿದೆ! 1963ರಲ್ಲಿ ಹೊಳೆನರಸೀಪುರ ಪುರಸಭೆಯ ಅಧ್ಯಕ್ಷರ ವಿರುದ್ಧ ಅವಿಶ್ವಾಸ ನಿರ್ಣಯಕ್ಕೆ ವಿಶೇಷ ಸಭೆ ಕರೆದರು. ಆಗ ಇದ್ದದ್ದು 1951ರ ಮೈಸೂರು ಪಟ್ಟಣ ಪುರಸಭೆಗಳ ಕಾಯ್ದೆ. ಅದರಲ್ಲೂ ಮೂರು ಪೂರ್ತಿ ದಿನದ ನೋಟಿಸು ‘ಕೊಡಬೇಕು’ ಎಂದಿತ್ತು. ನೋಟಿಸು ಕಳಿಸಿದ ದಿನದಿಂದ ಎಣಿಸಿದರೆ ಮೂರು ದಿನ ಸಿಗುತ್ತಿತ್ತು, ಆದರೆ ಕೆಲವು ಸದಸ್ಯರ ಕೈಗೆ ಅದು ತಡವಾಗಿ ಸೇರಿತ್ತು. ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಕೋರ್ಟು ಎರಡು ಮಾತು ಹೇಳಿತು. ಮೊದಲನೆಯದು, ಕಳಿಸುವುದು ಬೇರೆ, ಕೊಡುವುದು ಬೇರೆ. ಟಪಾಲಿಗೆ ಹಾಕಿದ ಮಾತ್ರಕ್ಕೆ ಕೊಟ್ಟಂತಾಗುವುದಿಲ್ಲ. ಎರಡನೆಯದು, ಹೆಚ್ಚುಕಡಿಮೆ ಎಲ್ಲ ಸದಸ್ಯರೂ ಬಂದು ಮತ ಹಾಕಿದ್ದಾರೆ, ಆ ತಡದಿಂದ ಯಾರಿಗೂ ಅನ್ಯಾಯವಾಗಿಲ್ಲ, ಆದ್ದರಿಂದ ನಿರ್ಣಯ ಉಳಿಯುತ್ತದೆ.

ನಾನು ನೌಕರಿಗೆ ಸೇರಿದ ಹೊಸದರಲ್ಲಿ ನಮ್ಮ ವ್ಯವಸ್ಥಾಪಕರು ಈ ಕಥೆ ಹೇಳಿ, ಸೂಚನಾ ಪತ್ರದ ಮುದ್ದಾಂ ಪುಸ್ತಕದಲ್ಲಿ (ಪತ್ರ ಕೈಗೆ ಕೊಟ್ಟು ಸಹಿ ಪಡೆಯುವ ಪುಸ್ತಕ) ಪ್ರತಿ ಸದಸ್ಯರ ಸಹಿಯ ಪಕ್ಕ ದಿನಾಂಕದ ಜೊತೆ ವೇಳೆಯನ್ನೂ ಬರೆಸುತ್ತಿದ್ದರು. ಪತ್ರ ಹಂಚುತ್ತಿದ್ದ ಜವಾನರು ಬಿಸಿಲಲ್ಲಿ ಸೈಕಲ್ ತುಳಿದು ಇಪ್ಪತ್ತಮೂರು ಮನೆ ಸುತ್ತಬೇಕಿತ್ತು. ಊರಿನ ಆಡಳಿತ ಕಾನೂನುಬದ್ಧವಾಗಿ ನಡೆಯಿತು ಅನ್ನುವುದರಲ್ಲಿ ಆ ಸೈಕಲ್ಲಿನ ಪಾಲೂ ಇದೆ ಅಂತ ನಾನು ನಂಬಿದ್ದೇನೆ.

ಪ್ರಶ್ನೆ: ಇಪ್ಪತ್ತಮೂರು ಎಂದಿರಿ. ನಮ್ಮಲ್ಲಿ ಮೂವತ್ತೊಂದು ಇದ್ದಾರಲ್ಲ?

ಉತ್ತರ: ನಿಮ್ಮದು ನಗರಸಭೆ ಇರಬೇಕು. ಸುಮಾರು 20 ಸಾವಿರದಿಂದ 50 ಸಾವಿರ ಜನರಿದ್ದರೆ ಪುರಸಭೆ, 50 ಸಾವಿರದಿಂದ 3 ಲಕ್ಷದವರೆಗೆ ನಗರಸಭೆ. ಪುರಸಭೆಗಿಂತ ಚಿಕ್ಕ ಊರಿಗೆ ಪಟ್ಟಣ ಪಂಚಾಯಿತಿ. ಮೂರಕ್ಕೂ ಕಾಯ್ದೆ ಒಂದೇ, 1964ರ ಕರ್ನಾಟಕ ಪುರಸಭೆಗಳ ಕಾಯ್ದೆ. ನಿಮ್ಮಲ್ಲಿ ಮುಖ್ಯಾಧಿಕಾರಿ ಬದಲು ಪೌರಾಯುಕ್ತರು ಇರುತ್ತಾರೆ. ಚುನಾಯಿತರ ಜೊತೆ ಸರ್ಕಾರ ನಾಮನಿರ್ದೇಶನ ಮಾಡಿದ ಸದಸ್ಯರೂ ಕೂರುತ್ತಾರೆ, ಅವರು ಮಾತಾಡಬಹುದು, ಮತ ಹಾಕುವಂತಿಲ್ಲ. ಶಾಸಕರು, ಸಂಸದರು ಮತ ಹಾಕಬಹುದು. ಅಧ್ಯಕ್ಷರ ಚುನಾವಣೆಯ ದಿನ ಅವರ ಕಾರು ಬಂದು ನಿಲ್ಲುವುದು ಅದಕ್ಕೇ.

ಪ್ರಶ್ನೆ (ಪುರಸಭೆ ಸದಸ್ಯೆ, ಊರು ಬೇಡ): ಅಕ್ಕಾ, ಇಲ್ಲಿ ಕೇಳಬಹುದೋ ಇಲ್ಲವೋ ಗೊತ್ತಿಲ್ಲ. ಮೀಸಲಾತಿಯಲ್ಲಿ ಗೆದ್ದೆ. ಸಭೆಗೆ ನಾನು ಹೋಗುತ್ತೇನೆ, ಆದರೆ ಮೊದಲೇ ನಮ್ಮ ಯಜಮಾನರು, ಉಳಿದ ಸದಸ್ಯೆಯರ ಮನೆಯವರು ಎಲ್ಲ ಸೇರಿ ಮಾತಾಡಿಕೊಂಡಿರುತ್ತಾರೆ. ನನಗೆ ಒಪ್ಪಿಗೆ ಇಲ್ಲದ ವಿಷಯವೂ ‘ಸರ್ವಾನುಮತ’ ಎಂದು ಬಂದುಬಿಟ್ಟಿದೆ. ಏನು ಮಾಡಲಿ?

ಉತ್ತರ: ಇಲ್ಲೇ ಕೇಳಬೇಕು ತಂಗೀ. ಧೈರ್ಯ ಮಾಡಿ ಕೇಳಿದ್ದಕ್ಕೆ ನಿನಗೆ ನನ್ನ ನಮಸ್ಕಾರ.

ನಮ್ಮ ರಾಜ್ಯದಲ್ಲಿ ಅರ್ಧ ಸ್ಥಾನ ಹೆಣ್ಣುಮಕ್ಕಳಿಗೆ ಅಂತ ಕಾನೂನಿದೆ. ಅರ್ಧ ಕುರ್ಚಿ ಸಿಕ್ಕಿತು, ಅರ್ಧ ದನಿ ಇನ್ನೂ ಸಿಗಬೇಕು. ಸಭಾಂಗಣದ ಒಳಗೆ ಸದಸ್ಯರ ಸಾಲಿನಲ್ಲಿ ನಿನ್ನ ಬದಲು ಕೂರುವ ಹಕ್ಕು ನಿನ್ನ ಗಂಡನಿಗೂ ಇಲ್ಲ, ಇನ್ನೊಬ್ಬರಿಗೂ ಇಲ್ಲ. ಬಂದರೆ ಸಾರ್ವಜನಿಕರ ಜಾಗದಲ್ಲಿ ಕೂತು ಕೇಳಲಿ.

ಸೂಚನಾ ಪತ್ರ ಬಂದ ದಿನವೇ ಮುಖ್ಯಾಧಿಕಾರಿಗೆ ಒಂದು ಚೀಟಿ ಬರೆದು, ನಿನಗೆ ಅನುಮಾನವಿರುವ ಎರಡೇ ಎರಡು ವಿಷಯದ ಕಡತ ನೋಡಬೇಕು ಎಂದು ಕೇಳು. ಎಲ್ಲ ಕಡತ ಕೇಳಬೇಡ, ತಲೆ ಕೆಡುತ್ತದೆ. ಸಭೆಯಲ್ಲಿ ಆ ವಿಷಯ ಬಂದಾಗ ಉದ್ದ ಭಾಷಣ ಬೇಕಿಲ್ಲ. ‘ಅಧ್ಯಕ್ಷರೇ, ಈ ವಿಷಯಕ್ಕೆ ನನ್ನ ವಿರೋಧವಿದೆ, ನಡಾವಳಿಯಲ್ಲಿ ದಾಖಲಿಸಿ’ ಅಂದರೆ ಸಾಕು. ಮರುದಿನ ಅದನ್ನೇ ಲಿಖಿತವಾಗಿ ಕೊಟ್ಟು ಸ್ವೀಕೃತಿ ತಗೋ. ಮುಂದಿನ ಸಭೆಯ ಮೊದಲ ವಿಷಯ ಯಾವಾಗಲೂ ‘ಹಿಂದಿನ ಸಭೆಯ ನಡಾವಳಿ ಓದಿ ದೃಢೀಕರಿಸುವುದು’. ಆಗ ಎಲ್ಲರೂ ಚಹಾ ಕುಡಿಯುತ್ತಿರುತ್ತಾರೆ. ನೀನು ಕುಡಿಯಬೇಡ. ನಿನ್ನ ವಿರೋಧ ಬರೆದಿದ್ದಾರಾ ನೋಡು. ಬರೆದಿಲ್ಲ ಅಂದರೆ ಅಲ್ಲೇ ತಿದ್ದಿಸು, ದೃಢೀಕರಣವಾದ ಮೇಲೆ ತಿದ್ದಿಸುವುದು ಬಹಳ ಕಷ್ಟ.

ಒಂದು ಹೆಸರು ವಿರೋಧವೆಂದು ದಾಖಲಾದರೆ ‘ಸರ್ವಾನುಮತ’ ಎಂದು ಬರೆಯಲು ಬರುವುದಿಲ್ಲ, ‘ಬಹುಮತ’ ಎಂದು ಬರೆಯಬೇಕು. ನಾಳೆ ಆ ವಿಷಯ ಜಿಲ್ಲಾಧಿಕಾರಿಗಳ ಮುಂದೆ ಹೋದರೆ ಅವರು ಮೊದಲು ನೋಡುವುದು ಆ ಪದವನ್ನೇ. ಕಾನೂನಿಗೆ ವಿರುದ್ಧವಾದ ನಿರ್ಣಯದ ಜಾರಿಯನ್ನು ತಡೆಹಿಡಿಯುವ ಅಧಿಕಾರ ಅವರಿಗಿದೆ.

ಮನೆಯಲ್ಲಿ ಏನಾಗುತ್ತದೆ ಅನ್ನುವುದಕ್ಕೆ ನನ್ನ ಹತ್ತಿರ ಸುಲಭದ ಉತ್ತರ ಇಲ್ಲ ತಂಗೀ. ಬೇಕಾದರೆ ನನಗೆ ಖಾಸಗಿಯಾಗಿ ಬರೆ.

ಪ್ರಶ್ನೆ (ಶಾಲಾ ಶಿಕ್ಷಕರು): ಬಜೆಟ್ ಸಭೆಗೆ ನಮ್ಮನ್ನು ಕರೆಯಬೇಕು ಎಂದು ಕೇಳಿದ್ದೇನೆ. ನಿಜವೇ?

ಉತ್ತರ: ನಿಜ. 2006ರ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳ ಪ್ರಕಾರ ಬಜೆಟ್ ಸಿದ್ಧಪಡಿಸುವ ಮೊದಲು ಸಾರ್ವಜನಿಕರ ಸಲಹೆ ಪಡೆಯಬೇಕು. ಪತ್ರಿಕೆಯಲ್ಲಿ ‘ಬಜೆಟ್ ಪೂರ್ವಭಾವಿ ಸಭೆ’ ಎಂದು ಬರುವುದು ಅದೇ. ಬೀದಿದೀಪ, ರಸ್ತೆ ಎಂದು ಎಲ್ಲರೂ ಕೇಳುತ್ತಾರೆ, ಕೇಳಲಿ. ನೀವು ಮೇಷ್ಟ್ರು, ಒಂದು ಹೆಚ್ಚಿನ ಪ್ರಶ್ನೆ ಕೇಳಿ: ಪರಿಶಿಷ್ಟ ಜಾತಿ, ಪಂಗಡದವರಿಗೆ ಮೀಸಲಿಟ್ಟ ಶೇ 24.10, ಇತರೆ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5, ಈ ಹಣದಲ್ಲಿ ಹೋದ ವರ್ಷ ನಿಜವಾಗಿ ಖರ್ಚಾದದ್ದೆಷ್ಟು? ಬಜೆಟ್‌ನಲ್ಲಿ ಬರೆದದ್ದಲ್ಲ, ಖರ್ಚಾದದ್ದು. ಉತ್ತರ ಬರುವವರೆಗೆ ಕೂರಬೇಡಿ.

ಪ್ರಶ್ನೆ: ಸದಸ್ಯರು ಇದ್ದೂ ನಮ್ಮಲ್ಲಿ ವರ್ಷಗಟ್ಟಲೆ ಸಭೆಯೇ ಆಗಿರಲಿಲ್ಲ. ಅದು ಹೇಗೆ?

ಉತ್ತರ: 2018ರ ಆಗಸ್ಟ್ 31ರಂದು ನೂರಕ್ಕೂ ಹೆಚ್ಚು ಊರುಗಳಲ್ಲಿ ಮತದಾನ ಆಯಿತು. ಅಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ಕೋರ್ಟಿಗೆ ಹೋಯಿತು. ಅಧ್ಯಕ್ಷರ ಆಯ್ಕೆ ನಡೆಯುವಷ್ಟರಲ್ಲಿ 2020 ಮುಗಿಯುತ್ತ ಬಂದಿತ್ತು. ಅವರ ಅವಧಿ 30 ತಿಂಗಳು. ಅದು 2023ರಲ್ಲಿ ಮುಗಿದ ಮೇಲೆ ಎರಡನೇ ಅವಧಿಯ ಮೀಸಲಾತಿ ಪ್ರಕಟವಾದದ್ದು 2024ರ ಆಗಸ್ಟ್‌ನಲ್ಲಿ. ನಡುವೆ ಅಧ್ಯಕ್ಷರ ಬದಲು ಸರ್ಕಾರ ನೇಮಿಸಿದ ಆಡಳಿತಾಧಿಕಾರಿಯ ಕಾರುಬಾರು. ಸಹಿ ಬೀಳುತ್ತಿತ್ತು, ಬಿಲ್ಲು ಪಾಸಾಗುತ್ತಿತ್ತು, ಕಸವೂ ಹೋಗುತ್ತಿತ್ತು. ಆದರೆ ‘ಯಾಕೆ’ ಎಂದು ಕೇಳುವ ಸಭೆ ಇರಲಿಲ್ಲ. ಗೆದ್ದ ಸದಸ್ಯರು ಅರ್ಜಿ ಹಿಡಿದು ನಮ್ಮ ಟೇಬಲ್ಲಿನ ಮುಂದೆ ನಿಲ್ಲುವುದನ್ನು ನೋಡಿದ್ದೇನೆ, ಬಹಳ ನೋವಾಗುತ್ತಿತ್ತು.

ಪ್ರಶ್ನೆ: ನಡಾವಳಿ ಪ್ರತಿ ಕೊಡಿ ಎಂದರೆ ‘ಕೊಡಲು ಬರುವುದಿಲ್ಲ’ ಎನ್ನುತ್ತಾರೆ.

ಉತ್ತರ: ಬರುತ್ತದೆ. ಮಾಹಿತಿ ಹಕ್ಕಿನಲ್ಲಿ ಹಾಕಿ. ಶುಲ್ಕ 10 ರೂಪಾಯಿ, ಪ್ರತಿ ಪುಟಕ್ಕೆ 2 ರೂಪಾಯಿ, ಗಡುವು 30 ದಿನ. ಕರ್ನಾಟಕದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ಇದನ್ನು ಮರೆತು ತಿರಸ್ಕಾರ ಆದವರು ಬಹಳ. ‘ಎಲ್ಲ ನಡಾವಳಿ ಕೊಡಿ’ ಅನ್ನಬೇಡಿ. ಇಂಥ ದಿನಾಂಕದ ಸಭೆಯ ನಡಾವಳಿಯ ದೃಢೀಕೃತ ಪ್ರತಿ ಎಂದು ಬರೆಯಿರಿ.

ಗದಗ ಕಡೆಯವರು (ಹದಿನೇಳು ದಿನ ಕಳೆದು): ಮೇಡಂರೀ, ನೀವು ಹೇಳಿದಂಗ ನಮ್ಮ ಮೆಂಬರ್ ಕಡೆಯಿಂದ ಪತ್ರ ಕೊಡಿಸಿದ್ವಿ. ಪಟ್ಟಿಯೊಳಗ 14ನೇ ವಿಷಯ ಅಂತ ಬಂತು. ನಾವು ಐದು ಮಂದಿ ಹೋಗಿ ಹಿಂದ ಕುಂತಿದ್ವಿ, ಯಾರೂ ಬ್ಯಾಡ ಅನಲಿಲ್ಲ. ಆದ್ರ ಠರಾವಿನಾಗ ‘ಸದರಿ ವಿಷಯವನ್ನು ಮುಂದಿನ ಸಭೆಗೆ ಮುಂದೂಡಲು ತೀರ್ಮಾನಿಸಲಾಯಿತು’ ಅಂತ ಬರದಾರ. ಮುಗೀತೇನ್ರಿ ನಮ್ಮ ಕಥಿ?

ಉತ್ತರ: ಮುಗಿದಿಲ್ಲ ಅಣ್ಣಾವ್ರೆ, ಶುರುವಾಗಿದೆ. ‘ಕೈಬಿಡಲಾಯಿತು’ ಎಂದು ಬರೆದಿಲ್ಲ, ‘ಮುಂದೂಡಲಾಯಿತು’ ಎಂದಿದೆ. ಈಗ ನಿಮ್ಮ ಗಟಾರಕ್ಕೊಂದು ವಿಷಯ ಸಂಖ್ಯೆ, ಒಂದು ದಿನಾಂಕ ಬಂದಿದೆ. ಮುಂದೂಡಿದ್ದು ಯಾಕೆ ಅಂತ ಕಿರಿಯ ಅಭಿಯಂತರರನ್ನು ಕೇಳಿ. ಅಂದಾಜು ಪಟ್ಟಿ (ಕೆಲಸಕ್ಕೆ ತಗಲುವ ಖರ್ಚಿನ ಲೆಕ್ಕ) ಆಗಿಲ್ಲ ಅನ್ನುತ್ತಾರೆ, ಸಾಮಾನ್ಯವಾಗಿ ಅದೇ ಕಾರಣ. ಹಾಗಿದ್ದರೆ ‘ಇಂಥ ದಿನಾಂಕದ ಸಭೆಯ ವಿಷಯ ಸಂಖ್ಯೆ 14ರಂತೆ ಅಂದಾಜು ಪಟ್ಟಿ ತಯಾರಿಸಿ ಮುಂದಿನ ಸಭೆಗೆ ಮಂಡಿಸಲು ಕೋರಿಕೆ’ ಎಂದು ನಾಲ್ಕು ಸಾಲು ಬರೆದು ಕೊಡಿ. ಈ ಸಲ ಆವಕ ಶಾಖೆಯಲ್ಲೇ ಕೊಡಿ, ಇಂಜಿನಿಯರ್ ಕೈಯಲ್ಲಿ ಬೇಡ.

ಗದಗ ಕಡೆಯವರು: ನಾಳೆ ಹತ್ತಕ್ಕ ಹೋಗಿ ಕೊಡತೀವ್ರಿ. ನಂಬರ್ ಬರಕೊಂಡ ಬಂದು ಇಲ್ಲೇ ಹಾಕ್ತೀನಿ.