ಮಾರ್ವಲೆಟ್ಸ್: ಹಾಡು ಬರೆದವಳೇ ಹಾಡಿನಲ್ಲಿ ಯಾಕಿಲ್ಲ?

ರೇಡಿಯೋಹುಚ್ಚ:
ಬೀಟಲ್ಸ್ ಹಾಡಿದ "ಪ್ಲೀಸ್ ಮಿಸ್ಟರ್ ಪೋಸ್ಟ್‌ಮನ್" ನನಗೆ ಬಾಯಿಪಾಠ. ಅದನ್ನು ಮೊದಲು ಹಾಡಿದ್ದು 1961ರಲ್ಲಿ ಮಾರ್ವಲೆಟ್ಸ್ ಅನ್ನೋ ಹುಡುಗಿಯರ ಗುಂಪು ಅಂತ ಮೊನ್ನೆ ಗೊತ್ತಾಯ್ತು. ಬರೆದವರಲ್ಲಿ ಜಾರ್ಜಿಯಾ ಡಾಬಿನ್ಸ್ ಹೆಸರಿದೆ. ಅವಳೂ ಗುಂಪಿನವಳೇ ಅಂತೆ, ಹಾಡಿದವರಲ್ಲಿ ಮಾತ್ರ ಇಲ್ಲ. ಏನಿದು ಕಥೆ?

ಪ್ಲೇಟ್‌ಮಾಮ:
ಅಪ್ಪ ಸಹಿ ಹಾಕಲಿಲ್ಲ. ಇಷ್ಟೇ. ಆದರೆ ಅದರ ಹಿಂದಿನದ್ದನ್ನು ಹೇಳದೆ ಬಿಡೋಕೆ ಮನಸ್ಸಿಲ್ಲ.

ಅಮೆರಿಕದ ಡೆಟ್ರಾಯ್ಟ್ ನಗರದ ಪಕ್ಕದ ಇಂಕ್‌ಸ್ಟರ್ ಊರಿನ ಹೈಸ್ಕೂಲು. ಗ್ಲಾಡಿಸ್ ಹಾರ್ಟನ್ ಗೆಳತಿಯರನ್ನು ಸೇರಿಸಿಕೊಂಡು ಶಾಲೆಯ ಸ್ಪರ್ಧೆಗೆ ಇಳಿದಳು. ಇಟ್ಟುಕೊಂಡ ಹೆಸರು ಕ್ಯಾಸಿನ್ಯೆಟ್ಸ್, "ಕಾಂಟ್ ಸಿಂಗ್ ಯೆಟ್", ಅಂದರೆ "ನಮಗಿನ್ನೂ ಹಾಡೋಕೆ ಬರಲ್ಲ" ಅನ್ನೋ ಇಂಗ್ಲಿಷ್ ಮಾತನ್ನೇ ಜಜ್ಜಿ ಮಾಡಿದ್ದು! ಬಂದದ್ದು ನಾಲ್ಕನೇ ಸ್ಥಾನ. ಮೋಟೌನ್ ಅನ್ನೋ ರೆಕಾರ್ಡ್ ಕಂಪನಿಯ ಆಡಿಷನ್ ಇದ್ದದ್ದು ಮೊದಲ ಮೂವರಿಗೆ. ಟೀಚರ್ ಒಬ್ಬರು ಇವರ ಪರ ಮಾತಾಡಿ ಕಳಿಸಿಕೊಟ್ಟರು.

ಅಲ್ಲಿ ನಿಮ್ಮದೇ ಹಾಡು ತನ್ನಿ ಅಂದರು. ಜಾರ್ಜಿಯಾಳ ಗೆಳೆಯ ವಿಲಿಯಂ ಗ್ಯಾರೆಟ್ ಹತ್ತಿರ ಒಂದು ಬ್ಲೂಸ್ ಹಾಡಿತ್ತು. ಇವಳು ಹಾಡಿನ ಹೆಸರೊಂದನ್ನು ಉಳಿಸಿಕೊಂಡು ಮಿಕ್ಕಿದ್ದನ್ನೆಲ್ಲ ಹೊಸದಾಗಿ ಬರೆದಳು. ಅಷ್ಟರಲ್ಲಿ ಕಾಂಟ್ರಾಕ್ಟ್ ಬಂತು. ಮನೆಯಲ್ಲಿ ತಾಯಿಗೆ ಹುಷಾರಿಲ್ಲ, ಅಪ್ಪ ಸುತರಾಂ ಒಪ್ಪಲಿಲ್ಲ. ಹಾಡನ್ನು ಗ್ಲಾಡಿಸ್‌ಗೆ ಹೇಳಿಕೊಟ್ಟು ಜಾರ್ಜಿಯಾ ಹಿಂದೆ ಸರಿದಳು. ಆ ಜಾಗಕ್ಕೆ ವಾಂಡಾ ಯಂಗ್ ಬಂದಳು. ಮಾರ್ವಲೆಟ್ಸ್ ಅಂತ ಹೆಸರು ಬದಲಾದದ್ದು ಮೋಟೌನ್‌ನಲ್ಲೇ.

ಹೆಡ್‌ಫೋನ್ ಹಾಕಿ ಕೇಳಿ ನೋಡಿ. ಗ್ಲಾಡಿಸ್‌ಗೆ ಆಗ 16. ಗಂಟಲಲ್ಲಿ ಒಂಚೂರು ಮರಳು ಇದ್ದ ಹಾಗೆ, ಅದೇ ಚೆಂದ. ನನ್ನ ಕಿವಿಗೆ ಬೀಟಲ್ಸ್‌ದು ಇದರ ಮುಂದೆ ಸಪ್ಪೆ, ಬೈಯಬೇಡಿ. ಡ್ರಮ್ ಬಾರಿಸಿದ್ದು ಮಾರ್ವಿನ್ ಗೇ, ಆಗಿನ್ನೂ ಹೆಸರು ಮಾಡದ ಹುಡುಗ. ಡಿಸೆಂಬರ್‌ನಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿ ಬಿಲ್‌ಬೋರ್ಡ್ ಹಾಟ್ 100ರಲ್ಲಿ ಒಂದನೇ ಜಾಗ. ಮೋಟೌನ್‌ಗೆ ಅಲ್ಲಿ ಸಿಕ್ಕ ಮೊದಲ ಒಂದನೇ ಜಾಗ ಅದೇ.

ಕಾಗದಪತ್ರ:
ಆ ಹಾಡಿಗೆ ಕೈಹಾಕಿದವರಲ್ಲಿ ಫ್ರೆಡ್ಡಿ ಗಾರ್ಮನ್ ಅಂತ ಒಬ್ಬರಿದ್ದಾರೆ. ಅವರ ಕೆಲಸ ಏನು ಹೇಳಿ? ಡೆಟ್ರಾಯ್ಟ್‌ನಲ್ಲಿ ಪೋಸ್ಟ್‌ಮ್ಯಾನ್! ನಾನೂ ಅಂಚೆ ಇಲಾಖೆಯವನು, ಇದನ್ನು ಸಿಕ್ಕವರಿಗೆಲ್ಲ ಹೇಳ್ತೀನಿ.

ರೇಡಿಯೋಹುಚ್ಚ:
ನಗು ಬಂತು ಸಾರ್. ಆದರೆ ಮಾಮ, ಜಾರ್ಜಿಯಾ ವಿಷಯ ಕೇಳಿ ಒಂಥರಾ ಆಯ್ತು.

ಪ್ಲೇಟ್‌ಮಾಮ:
ನಮ್ಮಕ್ಕನಿಗೂ ರೇಡಿಯೋ ಆಡಿಷನ್ ಕಾಗದ ಬಂದಿತ್ತು. ಅಪ್ಪ ಅದನ್ನು ಪಂಚಾಂಗದೊಳಗೆ ಇಟ್ಟವರು ಮತ್ತೆ ತೆಗೆಯಲೇ ಇಲ್ಲ. ಅಕ್ಕ ಈಗಲೂ ಅಡುಗೆಮನೆಯಲ್ಲಿ ಹಾಡ್ತಾಳೆ. ನಾನು ಬಾಗಿಲಿಗೆ ಬಂದರೆ ನಿಲ್ಲಿಸಿ, "ಕಾಫಿ ಬೇಕೇನೋ?" ಅಂತಾಳೆ.