ಫ್ರೆಂಚಿನ ‘ಫ್ಯುತ್ಯೂರ್ ಆಂತೇರಿಯೋರ್’: ‘ಮುಗಿಸಿದ ಮೇಲೆ’ ಅನ್ನಲು ಭವಿಷ್ಯತ್ಕಾಲ ಯಾಕೆ?

ಪೆರ್ಲದ ವಿದ್ಯಾರ್ಥಿನಿ:

ನಮಸ್ಕಾರ. ನಾನು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದವಳು. ಫ್ರಾನ್ಸಿನ ಗ್ರೆನೋಬ್ಲಿನಲ್ಲಿ ಎಂ.ಎಸ್ಸಿ. ಮಾಡಬೇಕೆಂದು ಆಸೆ, ಅದಕ್ಕೆ ಫ್ರೆಂಚ್ ಭಾಷೆಯ ಡೆಲ್ಫ್ ಬಿ1 ಪರೀಕ್ಷೆಗೆ ಓದುತ್ತಿದ್ದೇನೆ. ಕ್ಲಾಸ್ ಆನ್‌ಲೈನಿನಲ್ಲಿ, ವಿವರಣೆ ಎಲ್ಲ ಇಂಗ್ಲಿಷಿನಲ್ಲಿ. ಇಲ್ಲಿಯವರೆಗೆ ಹೇಗೋ ಬಂತು, ಈ ಒಂದು ಕಾಲ ಮಾತ್ರ ತಲೆಗೆ ಹೋಗುತ್ತಿಲ್ಲ.

ರೂಪ ಗೊತ್ತುಂಟು. ‘ಅವ್ವಾರ್’ (ಇಂಗ್ಲಿಷಿನ ‘ಹ್ಯಾವ್’) ಅಥವಾ ‘ಎತ್ರ್’ (ಇರು) ಕ್ರಿಯಾಪದದ ಭವಿಷ್ಯತ್ ರೂಪ ಹಾಕಿ, ಪಕ್ಕದಲ್ಲಿ ಮುಖ್ಯ ಕ್ರಿಯೆಯ ಪಾರ್ತಿಸಿಪ್ ಪಾಸೇ (ಭೂತ ಕೃದಂತ) ಇಡುವುದು. ಝೋರೆ ಫಿನಿ, ತ್ಯು ಓರಾ ಫಿನಿ, ಹೀಗೆ. ನನ್ನ ಪ್ರಶ್ನೆ ಎರಡು.

ಒಂದು, ‘ಕಾಂ ಝೋರೆ ಫಿನಿ ಮೋಂ ತ್ರಾವಾಯ್, ಝ ಸೋರ್ತಿರೆ’ ಎಂಬ ವಾಕ್ಯ. ಕೆಲಸ ಮುಗಿಸಿದ ಮೇಲೆ ಹೊರಗೆ ಹೋಗುತ್ತೇನೆ ಅಂತ ಅರ್ಥ. ಇಂಗ್ಲಿಷಿನಲ್ಲಿ ಇಂಥ ಕಡೆ ವರ್ತಮಾನ ಸಾಕು, ಕನ್ನಡದಲ್ಲಿ ‘ಮುಗಿಸಿದ ಮೇಲೆ’ ಸಾಕು. ಫ್ರೆಂಚಿಗೆ ಎರಡೂ ಕಡೆ ಭವಿಷ್ಯತ್ತು ಯಾಕೆ ಬೇಕು?

ಎರಡು, ಓದಲು ಕೊಟ್ಟ ಪಾಠದಲ್ಲಿ ಒಬ್ಬ ಫೋನ್ ಮಾಡಲಿಲ್ಲ ಅಂತ ಇತ್ತು, ಮುಂದಿನ ವಾಕ್ಯ ‘ಇಲ್ ಓರಾ ಉಬ್ಲಿಯೇ’. ಮರೆತದ್ದು ಆಗಿಹೋದ ಸಂಗತಿ. ಅಲ್ಲಿ ಭವಿಷ್ಯತ್ತಿಗೆ ಎಂತ ಕೆಲಸ?

ಬದಿಯಡ್ಕದ ಹಳೆ ಮಾಷ್ಟ್ರು:

ಪೆರ್ಲದವರೇ, ನಿಮಗೂ ಫ್ರೆಂಚಿಗೂ ನಡುವೆ ಇಂಗ್ಲಿಷ್ ಕೂತಿದೆ. ಅದನ್ನು ಸ್ವಲ್ಪ ಹೊತ್ತು ಬದಿಗಿಟ್ಟು ಮನೆಯ ಕನ್ನಡದಿಂದಲೇ ಫ್ರೆಂಚಿಗೆ ಹೋಗಿ. ಈ ಕಾಲವನ್ನು, ಹಿಂದೆ ಫ್ರೆಂಚರ ಕೈಲಿದ್ದ ಮಾಹೆಯ ಮಕ್ಕಳಿಗೂ ಆಮೇಲೆ ನಮ್ಮ ಕಡೆಯ ಮಕ್ಕಳಿಗೂ ಕಲಿಸಿದವ ನಾನು. ಕನ್ನಡದ ದಾರಿಯಿಂದ ಬಂದವರಿಗೆ ಇದು ಬೇಗ ದಕ್ಕಿದ್ದನ್ನು ಕಂಡಿದ್ದೇನೆ.

ಎರಡನೆಯ ಪ್ರಶ್ನೆ ಮೊದಲು, ಯಾಕೆಂದರೆ ಅದರ ಉತ್ತರ ನಿಮ್ಮ ಬಾಯಲ್ಲೇ ಉಂಟು. ‘ನಾಳೆ ಇಷ್ಟು ಹೊತ್ತಿಗೆ ಅವನು ಮಂಗಳೂರು ತಲಪಿರುತ್ತಾನೆ’ ಅನ್ನುತ್ತೀರಿ. ‘ಈಗ ತಲಪಿರುತ್ತಾನೆ, ಫೋನ್ ಮಾಡಿ ನೋಡು’ ಅಂತಲೂ ಅನ್ನುತ್ತೀರಿ. ಮೊದಲನೆಯದು ಮುಂದೆ ಪೂರ್ತಿಯಾಗುವ ಕ್ರಿಯೆ, ಎರಡನೆಯದು ಆಗಿಹೋದದ್ದರ ಬಗ್ಗೆ ಊಹೆ. ಕ್ರಿಯಾರೂಪ ಮಾತ್ರ ಎರಡರಲ್ಲೂ ಅದೇ. ಮಲಯಾಳದವರೂ ‘ಎತ್ತಿಯಿಟ್ಟುಂಡಾಕುಂ’ ಎಂಬ ಒಂದೇ ರೂಪದಲ್ಲಿ ಎರಡನ್ನೂ ಹೇಳುವುದನ್ನು ನೀವು ಬಸ್ಸಿನಲ್ಲಿ ದಿನಾ ಕೇಳುತ್ತೀರಿ. ‘ಇಲ್ ಓರಾ ಉಬ್ಲಿಯೇ’ ಕೂಡ ಹಾಗೆಯೇ: ಮರೆತಿರುತ್ತಾನೆ, ಮರೆತಿರಬೇಕು. ರೈಲು ಬಂದು ಹೋದ ಮೇಲೂ ಕುಂಬಳೆಯಲ್ಲಿ ಇಳಿಯಬೇಕಾದವನು ಕಾಣದಿದ್ದರೆ ‘ಇಲ್ ಓರಾ ಮಾಂಕೇ ಸೋಂ ತ್ರೇಂ’ ಅನ್ನಬಹುದು, ರೈಲು ತಪ್ಪಿರುತ್ತದೆ ಅಂತ.

ಇನ್ನು ಮೊದಲನೆಯ ಪ್ರಶ್ನೆ. ಇಲ್ಲಿ ಕನ್ನಡ ಬೇರೆ, ಫ್ರೆಂಚ್ ಬೇರೆ. ‘ಅವಳು ಬಂದ ಮೇಲೆ ಊಟ ಮಾಡಿದೆವು’, ‘ಅವಳು ಬಂದ ಮೇಲೆ ಊಟ ಮಾಡುತ್ತೇವೆ’ ಎರಡರಲ್ಲೂ ‘ಬಂದ ಮೇಲೆ’ ಬದಲಾಗಲಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಅದು ಹೇಳುತ್ತದೆ. ನಿನ್ನೆಯೋ ನಾಳೆಯೋ ಎಂಬುದನ್ನು ಕೊನೆಯ ಕ್ರಿಯಾಪದಕ್ಕೆ ಬಿಡುತ್ತದೆ. ಫ್ರೆಂಚಿನಲ್ಲಿ ಆ ಎರಡು ಸಂಗತಿಯನ್ನೂ ಪ್ರತಿ ಕ್ರಿಯಾಪದವೇ ಹೊರಬೇಕು. ಎರಡೂ ನಾಳೆ ಆಗುವುದಾದರೆ ಎರಡಕ್ಕೂ ಭವಿಷ್ಯತ್ತು ಬೇಕು. ಅದರಲ್ಲಿ ಮೊದಲು ಆಗಿ ಮುಗಿಯುವುದಕ್ಕೆ ಆಂತೇರಿಯೋರ್.

ಈಗ ಮಳೆಗಾಲದ ಬಾಗಿಲಲ್ಲಿದ್ದೇವೆ, ನಿಮ್ಮ ತೋಟದಲ್ಲೂ ಕೊಳೆರೋಗಕ್ಕೆ ಮದ್ದು ಬಿಡುವ ತಯಾರಿ ಇರಬಹುದು. ಆ ಮದ್ದು ಫ್ರೆಂಚರದ್ದೇ. ಬೋರ್ದೋದ ದ್ರಾಕ್ಷಿ ಬಳ್ಳಿಗಳ ಬೂಷ್ಟು ರೋಗಕ್ಕೆ ಮಿಯಾರ್ದೇ ಎಂಬ ಸಸ್ಯವಿಜ್ಞಾನಿ 1885ರಲ್ಲಿ ಅದನ್ನು ಲೋಕಕ್ಕೆ ತಿಳಿಸಿದರು, ನಮ್ಮ ಅಡಿಕೆ ಉಳಿಯುವುದೂ ಅದರಿಂದಲೇ. ಫ್ರೆಂಚಿನಲ್ಲಿ ಅದಕ್ಕೆ ‘ಬೂಯೀ ಬೋರ್ದ್‌ಲೇಜ಼್’ ಅನ್ನುತ್ತಾರೆ. ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಮೈಲುತುತ್ತನ್ನು ಬೇರೆ, ಸುಣ್ಣವನ್ನು ಬೇರೆ ಕರಗಿಸಬೇಕು. ಮೈಲುತುತ್ತು ಪೂರಾ ಕರಗಿದ ಮೇಲೆ ಅದನ್ನು ಸುಣ್ಣದ ನೀರಿಗೆ ಹೊಯ್ಯಬೇಕು. ಈ ಹಿಂದುಮುಂದು ತಪ್ಪಿದರೆ ಮದ್ದು ಕೆಡುತ್ತದೆ. ಫ್ರೆಂಚಿನಲ್ಲಿ ಹೇಳಿದರೆ: ‘ಕಾಂ ಲ ಸ್ಯುಲ್ಫಾತ್ ದ ಕ್ಯುಇವ್ರ್ ಸ ಸರಾ ದಿಸು, ನೂ ಲ ವೆರ್ಸರೋಂ ದಾಂ ಲಾ ಶೋ.’ ‘ಸ ಸರಾ ದಿಸು’ ಅಂದರೆ ಕರಗಿ ಮುಗಿದಿರುತ್ತದೆ, ‘ವೆರ್ಸರೋಂ’ ಅಂದರೆ ಹೊಯ್ಯುತ್ತೇವೆ. ಕರಗುವುದೂ ಹೊಯ್ಯುವುದೂ ನಾಳೆಯ ಕೆಲಸ, ಆದರೆ ಒಂದು ಮುಗಿಯದೆ ಇನ್ನೊಂದಕ್ಕೆ ಕೈ ಹಾಕುವ ಹಾಗಿಲ್ಲ. ಆ ಕ್ರಮವನ್ನು ಕ್ರಿಯಾಪದದಲ್ಲೇ ತೋರಿಸುವುದಕ್ಕೆ ಈ ಕಾಲ ಇರುವುದು.

ಹಾಗಂತ ‘ಕಾಂ’ ಕಂಡಲ್ಲೆಲ್ಲ ಆಂತೇರಿಯೋರ್ ಹಾಕಬೇಡಿ. ಎರಡೂ ಒಟ್ಟಿಗೆ ನಡೆಯುವುದಾದರೆ ಸಾದಾ ಭವಿಷ್ಯತ್ತೇ ಸರಿ. ‘ಕಾಂ ಝ ಸರೆ ಆ ಮಾಹೆ, ಝ ತಾಪೆಲ್ರೆ’, ಮಾಹೆಯಲ್ಲಿ ಇರುವಾಗ ಫೋನ್ ಮಾಡುತ್ತೇನೆ. ಅಲ್ಲಿ ಏನೂ ಮುಗಿಯಬೇಕಾಗಿಲ್ಲ. ‘ದೆ ಕ’ (ಕೂಡಲೇ), ‘ಯುನ್ ಫ್ವಾ ಕ’ (ಒಮ್ಮೆ ಆಯಿತೆಂದರೆ), ‘ಆಪ್ರೆ ಕ’ (ಆದ ಮೇಲೆ) ಇವುಗಳ ಜತೆಯಲ್ಲಾದರೆ ಆಂತೇರಿಯೋರ್ ಮತ್ತೆ ಮತ್ತೆ ಸಿಗುತ್ತದೆ. ಬೇರೊಂದು ಕ್ರಿಯೆಯ ಬದಲು ಗಡುವು ಇದ್ದರೂ ಆದೀತು: ‘ಅವಾಂ ಲಾ ಮೂಸೋಂ, ನೂಜ಼ೋರೋಂ ತ್ರೇತೇ ತೂ ಲೇಜ಼ಾರೇಕಿಯೇ’, ಮಳೆಗಾಲಕ್ಕೆ ಮೊದಲು ಎಲ್ಲ ಅಡಿಕೆ ಮರಗಳಿಗೂ ಮದ್ದು ಬಿಟ್ಟಿರುತ್ತೇವೆ.

ತುಲೂಸಿನಿಂದ ಉಪ್ಪಳದವಳು:

ಮಾಷ್ಟ್ರು ಚಂದ ಹೇಳಿದ್ದಾರೆ. ಒಂದು ವಿಷಯ ಸೇರಿಸುತ್ತೇನೆ ತಂಗಿ, ಕನ್ನಡದ ‘ಇರುತ್ತದೆ’ಯನ್ನು ಪೂರಾ ನಂಬಿ ಹೊರಟರೆ ಒಂದು ಕಡೆ ಎಡವುವುದುಂಟು. ‘ದಿನಾ ನಾನು ಏಳುವಾಗ ಅವಳು ಹೋಗಿರುತ್ತಾಳೆ’ ಅನ್ನುತ್ತೇವಲ್ಲ, ಅದು ರೂಢಿ. ಅಲ್ಲಿ ಊಹೆಯೂ ಇಲ್ಲ, ನಾಳೆಯೂ ಇಲ್ಲ. ಫ್ರೆಂಚಿನಲ್ಲಿ ಅದಕ್ಕೆ, ಆಗಿಹೋದದ್ದನ್ನು ಹೇಳುವ ಪಾಸೇ ಕೋಂಪೋಜ಼ೇ: ‘ಎಲ್ ಎ ದೇಝಾ ಪಾರ್ತಿ’. ಇಲ್ಲಿ ‘ಸರಾ’ ಹಾಕಿದರೆ ಕೇಳುವವರಿಗೆ ನಾಳೆಯ ಮಾತೋ ಊಹೆಯೋ ಅಂತ ಅನ್ನಿಸುತ್ತದೆ.

ಊಹೆಯ ಬಳಕೆ ಬರವಣಿಗೆಯಲ್ಲಿ ಜಾಸ್ತಿ. ಅಂಗಡಿಯಲ್ಲಿ, ಆಫೀಸಿನಲ್ಲಿ ನನಗೆ ಹೆಚ್ಚು ಕೇಳುವುದು ‘ಇಲ್ ಆ ದ್ಯು ಉಬ್ಲಿಯೇ’. ಓದಿದಾಗ ಗುರುತು ಹಿಡಿಯಲು ಒಂದನ್ನು, ಮಾತಿಗೆ ಇನ್ನೊಂದನ್ನು ಇಟ್ಟುಕೊಳ್ಳಿ. ಪೇಪರಿನಲ್ಲಿ ಮೂರನೆಯ ಬಳಕೆಯೂ ಸಿಗುತ್ತದೆ. ಮುಗಿದುಹೋದ ಒಂದು ಕಾಲವನ್ನು ಹಿಂತಿರುಗಿ ನೋಡಿ ಒಟ್ಟು ಲೆಕ್ಕ ಹೇಳುವಾಗ ಬಳಸುತ್ತಾರೆ. ಮಾಹೆ ಹೇಗೂ ಬಂತಲ್ಲ: ‘ಮಾಹೆ ಓರಾ ಎತೇ ಫ್ರಾಂಸೇಜ಼್ ಝ್ಯುಸ್ಕಾಂ ಝುಯಿಯೇ 1954’. 1954ರ ಜುಲೈವರೆಗೆ ಮಾಹೆ ಫ್ರೆಂಚರದ್ದಾಗಿತ್ತು ಅಂತಷ್ಟೇ ಅರ್ಥ, ಭವಿಷ್ಯವೂ ಇಲ್ಲ, ಊಹೆಯೂ ಇಲ್ಲ. ಬಿ1ಕ್ಕೆ ಇದನ್ನು ನೀವೇ ಬರೆಯಬೇಕಾಗಿ ಬರಲಿಕ್ಕಿಲ್ಲ.

ಪೆರ್ಲದ ವಿದ್ಯಾರ್ಥಿನಿ:

ಮಾಷ್ಟ್ರೇ, ಅಕ್ಕಾ, ತುಂಬ ಉಪಕಾರ ಆಯಿತು. ಮೈಲುತುತ್ತಿನ ವಾಕ್ಯವನ್ನು ಅಪ್ಪನಿಗೂ ಓದಿ ಹೇಳಿದೆ. ಇನ್ನೊಂದು ಕೇಳುತ್ತೇನೆ. ‘ಇಳಿ’ ಎಂಬ ಕ್ರಿಯೆಗೆ ಒಂದು ಕಡೆ ‘ಸರೋಂ ದೆಸಾಂದ್ಯು’ ಉಂಟು, ಇನ್ನೊಂದು ಕಡೆ ‘ಓರೋಂ ದೆಸಾಂದ್ಯು’ ಉಂಟು. ಯಾವುದು ಸರಿ? ಮತ್ತೆ ‘ಸಿ’ (ಆದರೆ, ಮುಗಿದರೆ ಅನ್ನುವ ‘ರೆ’) ಬಂದಾಗಲೂ ಆಂತೇರಿಯೋರ್ ಹಾಕಬಹುದಾ?

ಬದಿಯಡ್ಕದ ಹಳೆ ಮಾಷ್ಟ್ರು:

ಎರಡೂ ಸರಿ, ಅರ್ಥ ಬೇರೆ. ನಾವೇ ಇಳಿದರೆ ‘ನೂ ಸರೋಂ ದೆಸಾಂದ್ಯು’. ಅಟ್ಟದಿಂದ ಗೋಣಿ ಇಳಿಸಿದರೆ ‘ನೂಜ಼ೋರೋಂ ದೆಸಾಂದ್ಯು ಲೇ ಸಾಕ್’. ಕನ್ನಡದಲ್ಲಿ ಇಳಿ, ಇಳಿಸು ಅಂತ ಕ್ರಿಯಾಪದವೇ ಬದಲಾಗುವ ಕಡೆ ಫ್ರೆಂಚಿನಲ್ಲಿ ಸಹಾಯಕ ಕ್ರಿಯಾಪದ ಬದಲಾಗುತ್ತದೆ. ಮೋಂತೇ, ಸೋರ್ತೀರ್, ರಾಂತ್ರೇ, ಪಾಸೇ ಇವಕ್ಕೂ ಇದೇ ಕ್ರಮ.

ಬರೆಯುವಾಗ ‘ಎತ್ರ್’ ಜತೆಗಿನ ರೂಪಕ್ಕೆ ಕರ್ತೃವಿನ ಲಿಂಗ ವಚನ ಅಂಟಿಸಬೇಕು. ನೀವು ಹೆಂಗಸಾದ್ದರಿಂದ ‘ಝ ಸರೆ ಅರಿವೇ’ ಬರೆದಾಗ ಕೊನೆಗೆ ಒಂದು ‘ಇ’ ಅಕ್ಷರ ಹೆಚ್ಚು ಬೇಕು, ಕಿವಿಗೆ ಕೇಳುವುದಿಲ್ಲ. ‘ಅವ್ವಾರ್’ ಜತೆ ಹಾಗಿಲ್ಲ, ಕರ್ಮ ಮೊದಲೇ ಬಂದಿದ್ದರೆ ಮಾತ್ರ. ‘ಲೇ ಲೆತ್ರ್ ಕ ಝೋರೆ ಎಕ್ರಿತ್’, ನಾನು ಬರೆದಿರುವ ಪತ್ರಗಳು. ಇಲ್ಲಿ ‘ಎಕ್ರಿ’ ಹೋಗಿ ‘ಎಕ್ರಿತ್’ ಆದದ್ದು ಕಿವಿಗೂ ಕೇಳುತ್ತದೆ. ‘ಝೋರೆ’ಯ ಕೊನೆಗೆ ಅಪ್ಪಿತಪ್ಪಿ ‘ಎಸ್’ ಬರೆದರೆ ‘ಮುಗಿಸಿರುತ್ತಿದ್ದೆ’ ಎಂಬ ಅರ್ಥ ಬಂದುಬಿಡುತ್ತದೆ. ಉಚ್ಚಾರ ಬಹುಪಾಲು ಜನರ ಬಾಯಲ್ಲಿ ಒಂದೇ, ಆದ್ದರಿಂದ ಕೇಳಿ ಬರೆಯುವಾಗ ವಾಕ್ಯದ ಅರ್ಥ ನೋಡಿಯೇ ತೀರ್ಮಾನಿಸಬೇಕು.

‘ಸಿ’ಯ ಷರತ್ತಿಗೆ ಯಾವ ಭವಿಷ್ಯತ್ತೂ ಸಲ್ಲ. ನಾಳೆಯ ಮಾತಾದರೂ ‘ಸಿ ಝೇ ಫಿನಿ ಅವಾಂ ಮಿದಿ, ಝ ವ್ಯಾಂದ್ರೆ’, ಮಧ್ಯಾಹ್ನದೊಳಗೆ ಮುಗಿದರೆ ಬರುತ್ತೇನೆ. ಅಲ್ಲಿ ಪಾಸೇ ಕೋಂಪೋಜ಼ೇ ಸಾಕು. ಅದೇ ‘ತಾಂ ಕ’ ಬಂದರೆ ಪುನಃ ಆಂತೇರಿಯೋರ್: ‘ತಾಂ ಕ ತ್ಯು ನೋರಾ ಪಾ ಫಿನಿ, ತ್ಯು ನ ಸೋರ್ತಿರಾ ಪಾ’, ಮುಗಿಸುವವರೆಗೆ ಹೊರಗೆ ಹೋಗುವ ಹಾಗಿಲ್ಲ. ‘ನ’ ಮತ್ತು ‘ಪಾ’ ಸಹಾಯಕ ಕ್ರಿಯಾಪದದ ಎರಡೂ ಬದಿಗೆ ನಿಲ್ಲುವುದನ್ನು ಗಮನಿಸಿ, ‘ಫಿನಿ’ಯನ್ನು ಅವು ಮುಟ್ಟುವುದಿಲ್ಲ.

ನಿಮ್ಮ ತೋಟದ ಕೆಲಸದ್ದೇ ಹತ್ತಾರು ವಾಕ್ಯ ಬರೆದು ಇಲ್ಲಿ ಹಾಕಿ. ಕೊಯ್ಲು, ಒಣಗಿಸುವುದು, ಸುಲಿಯುವುದು, ಮಾರುವುದು, ಎಲ್ಲ ಒಂದು ಮುಗಿದ ಮೇಲೆ ಇನ್ನೊಂದು. ನಾನು ನೋಡಿ ಹೇಳುತ್ತೇನೆ.